ಎದುರುಮನೆ ಅಕ್ಕ ರಿಟೈರ್ ಆದದ್ದು

ಮೊನ್ನೆ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಮಹಡಿ ಪೂರ್ತಿ ಹಾಲು ಸೀದ ವಾಸನೆ. ಪಾತ್ರೆಯ ತಳ ಕಪ್ಪಾಗಿ, ಇನ್ನೇನು ಪಾತ್ರೆಯೇ ಹೊತ್ತಿಕೊಳ್ಳಬೇಕು ಅನ್ನುವಂಥ ಘಾಟು. ಮಂಡಿನೋವು ಮರೆತು ಓಡಿದೆ. ಪಕ್ಕದ ಫ್ಲಾಟಿನ ಬಾಗಿಲು ಬಡಿದರೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಆ ಮನೆಯ ಗಂಡ ಬಂದು ಬಾಗಿಲು ತೆಗೆದ. ನನ್ನ ಮುಖ ನೋಡಿದ, ಆಮೇಲೆ ಮೂಗರಳಿಸಿದ. "ಅಯ್ಯೋ, ಕಾಲ್‌ನಲ್ಲಿದ್ದೆ ಆಂಟಿ!" ಎಂದು ಒಳಗೆ ಓಡಿದ. ಇನ್ನೊಂದು ಕೋಣೆಯಿಂದ ಅವನ ಹೆಂಡತಿಯೂ ಹೆಡ್‌ಫೋನ್ ಹಾಕಿಕೊಂಡೇ ಓಡಿಬಂದಳು. ಹಾಲನ್ನು ಇವನು ನೋಡಿಕೊಳ್ಳುತ್ತಾನೆಂದು ಅವಳು, ಅವಳು ನೋಡಿಕೊಳ್ಳುತ್ತಾಳೆಂದು ಇವನು.

ನಾನು ನಗುತ್ತಾ ವಾಪಸು ಬಂದೆ. ಕಾರಿಡಾರಿನ ಕಿಟಕಿ ತೆರೆದು ನಿಂತೆ. ಅಲ್ಲಿಂದ ನಾಗಸಂದ್ರದ ಮೆಟ್ರೋ ನಿಲ್ದಾಣ, ಅದರಾಚೆ ತುಮಕೂರು ರಸ್ತೆ, ಸಾಲುಗಟ್ಟಿದ ಲಾರಿಗಳು ಕಾಣುತ್ತವೆ. ಘಾಟು ಹೊರಗೆ ಹೋಗಲೆಂದು ಕಾಯುತ್ತಾ ನಿಂತವಳಿಗೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇದೇ ವಾಸನೆ ಒಂದು ಕಾಲದಲ್ಲಿ ದಿನಾ ಬೆಳಗ್ಗೆ ಎದುರುಮನೆಯಿಂದ ಬರುತ್ತಿತ್ತು. ಇಡೀ ಬೀದಿ ಮೂಗು ಮುಚ್ಚಿಕೊಂಡು ಬಾಯಿ ಬಿಟ್ಟುಕೊಂಡು ನಿಂತಿರುತ್ತಿತ್ತು...

ಆಗ ನಾವಿದ್ದದ್ದು ಪೀಣ್ಯದ ಹಿಂಬದಿಯ ಒಂದು ಬಡಾವಣೆಯಲ್ಲಿ. ಸರ್ಕಾರಿ ಕಾರ್ಖಾನೆಯೊಂದರ ನೌಕರರು ಸೊಸೈಟಿ ಮಾಡಿಕೊಂಡು, ಸೈಟು ಹಂಚಿಕೊಂಡು ಕಟ್ಟಿದ ಮನೆಗಳು. ಒಂದೇ ಅಳತೆಯ ಸೈಟುಗಳು, ಹೆಚ್ಚುಕಮ್ಮಿ ಒಂದೇ ನಕ್ಷೆ. ನೆಂಟರು ಬಂದರೆ ಬಾಗಿಲು ತಪ್ಪಿ ಪಕ್ಕದ ಮನೆಗೆ ಹೋಗಿ ಸೋಫಾ ಮೇಲೆ ಕೂತುಬಿಡುತ್ತಿದ್ದರು. ಬೀದಿಯ ಗಂಡಸರೆಲ್ಲ ಒಂದೇ ಕಾರ್ಖಾನೆ, ಒಂದೇ ಬಸ್ಸು. ಮೊದಲ ಪಾಳಿಯ ಬಸ್ಸು ಬೆಳಕು ಹರಿಯುವ ಹೊತ್ತಿಗೆ ಮೂಲೆಗೆ ಬಂದು ನಿಲ್ಲುತ್ತಿತ್ತು. ಗಂಡಸರು ಅಷ್ಟೊತ್ತಿಗೆ ತಿಂಡಿ ತಿಂದು, ಊಟದ ಡಬ್ಬಿ ಹಿಡಿದು ಹೊರಡಬೇಕಾದರೆ ಹೆಂಗಸರು ಯಾವಾಗ ಎದ್ದಿರಬೇಕೆಂದು ಲೆಕ್ಕ ಹಾಕಿಕೊಳ್ಳಿ.

ನಮ್ಮ ಎದುರುಮನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರು. ಗಿಡ್ಡ ಆಳು, ದಪ್ಪ ಜಡೆ, ದೊಡ್ಡ ಗಂಟಲು. ರಸ್ತೆಯ ಆ ಕಡೆಯಿಂದಲೇ, "ಏನೇ, ಇವತ್ತು ಏನ್ ಸಾರು?" ಎಂದು ಕೂಗಿದರೆ ಮೂರು ಮನೆಯವರು ಉತ್ತರ ಕೊಡುತ್ತಿದ್ದರು. ಬೀದಿಯಲ್ಲಿ ಮೊದಲು ದೀಪ ಹತ್ತುತ್ತಿದ್ದದ್ದು ಅವರ ಅಡುಗೆಮನೆಯಲ್ಲಿ. ಅವರು ಸಾರಿನ ಪುಡಿ ಹುರಿಯುವ ದಿನ ಬಸ್ಸಿಗೆ ನಿಂತ ಗಂಡಸರೂ ಆ ಕಡೆ ತಿರುಗಿ ನೋಡುತ್ತಿದ್ದರಂತೆ. ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಅವರ ಮನೆಯಿಂದ ಮೆಣಸಿನ ಸಾರು ಹೋಗುತ್ತಿತ್ತು. ನಮ್ಮತ್ತೆ ಬೇರೆ ಯಾರ ಅಡುಗೆಯನ್ನೂ ಹೊಗಳಿದವರಲ್ಲ. ಅವರೇ, "ಕೈಗುಣ ಅಂದ್ರೆ ಅವಳದ್ದು, ನೋಡಿ ಕಲಿ" ಎಂದು ನನಗೆ ಹೇಳುತ್ತಿದ್ದರು.

ಅಕ್ಕನ ಯಜಮಾನರು ಕಾರ್ಖಾನೆಯ ಟೂಲ್ ರೂಮಿನಲ್ಲಿ ಸೂಪರ್‌ವೈಸರ್. ಕಡಿಮೆ ಮಾತು, ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಟೀಲ್ ಸ್ಕೇಲು. ಒಳ್ಳೆಯ ಮನುಷ್ಯ. ಆದರೆ ಅಡುಗೆಮನೆಯ ಲೈಟಿನ ಸ್ವಿಚ್ಚು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಅನುಮಾನ. ಊಟಕ್ಕೆ ಕೂತು ನೀರಿನ ಲೋಟದ ಕಡೆ ಕಣ್ಣು ಹಾಯಿಸಿದರೆ ಸಾಕು, ನೀರು ಬರುತ್ತಿತ್ತು. ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮನೆಯಲ್ಲೂ ಹಾಗೆಯೇ.

ಅವರು ರಿಟೈರ್ ಆದ ದಿನ ಬೀದಿಗೆ ಹಬ್ಬ. ಸಂಜೆ ಕಾರ್ಖಾನೆಯ ವ್ಯಾನು ಬಂತು. ಕೊರಳಲ್ಲಿ ಗಂಧದ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ಗೋಡೆ ಗಡಿಯಾರದ ಡಬ್ಬ ಹಿಡಿದು ಮದುಮಗನ ಹಾಗೆ ಇಳಿದರು. ಜೊತೆಗೆ ಬಂದ ಸಹೋದ್ಯೋಗಿಗಳು ಮನೆಯಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಮತ್ತು ನಾನು ಮಧ್ಯಾಹ್ನದಿಂದ ಕರಿದ ಬೋಂಡ, ಮಾಡಿದ ಕೇಸರಿಬಾತು ತಟ್ಟೆಗಳಲ್ಲಿ ಹೋದವು. ಒಬ್ಬರು ಎದ್ದು ನಿಂತು ಭಾಷಣವನ್ನೇ ಮಾಡಿದರು. ಇಷ್ಟು ವರ್ಷ ದುಡಿದ ದೇಹಕ್ಕೆ ವಿಶ್ರಾಂತಿ ಬೇಕು ಎಂದರು. ಕೊನೆಗೆ, "ಸಾರ್, ಇನ್ಮೇಲೆ ಅರ್ಜೆಂಟೇ ಇಲ್ಲ. ಆರಾಮಾಗಿ ಏಳಿ, ಮೇಡಂ ಕೈಲಿ ಮೂರ್ ಹೊತ್ತೂ ಬಿಸಿಬಿಸಿ ಮಾಡಿಸ್ಕೊಂಡು ತಿನ್ನಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ನಾನು ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದರು.

ಮಾರನೆಯ ದಿನ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಬಂದಾಗ ಎದುರುಮನೆ ಕತ್ತಲಾಗಿತ್ತು. ದೀಪವಿಲ್ಲ, ರಂಗೋಲಿಯಿಲ್ಲ, ಕುಕ್ಕರಿನ ಸದ್ದಿಲ್ಲ. ನನ್ನವರು ಬಸ್ಸಿಗೆ ಹೋದರು. ಬಿಸಿಲು ಬಂತು. ಹಾಲಿನ ಪ್ಯಾಕೆಟ್ಟು ಗೇಟಿನ ಮೇಲೆ ಇಟ್ಟ ಹಾಗೇ ಇತ್ತು. ರಸ್ತೆ ದಾಟಿ ಹೋದರೆ, ಯಜಮಾನರು ಬನಿಯನ್ನಿನಲ್ಲಿ ಬಾಗಿಲಿಗೆ ಬಂದರು. ಅವರನ್ನು ಬನಿಯನ್ನಿನಲ್ಲಿ ನೋಡಿದ್ದೇ ಅವತ್ತು.

"ನಿಮ್ಮಕ್ಕಂಗೆ ಏನೋ ಆಗಿದೆ ಕಣಮ್ಮ. ಏಳ್ತಾನೇ ಇಲ್ಲ" ಎಂದರು. ತುಟಿ ಒಣಗಿತ್ತು.

ಒಳಗೆ ಓಡಿದೆ. ಅಕ್ಕ ಕುತ್ತಿಗೆಯವರೆಗೆ ಹೊದ್ದುಕೊಂಡು, ಕಣ್ಣು ಬಿಟ್ಟುಕೊಂಡು, ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಾ ಮಲಗಿದ್ದರು. ಹಣೆ ಮುಟ್ಟಿದೆ. ತಣ್ಣಗಿತ್ತು.

"ಏನಾಯ್ತಕ್ಕ? ಎದೆ ನೋವಾ?"

"ಏನೂ ಆಗಿಲ್ಲ ಕಣೆ. ನಾನೂ ರಿಟೈರ್ ಆದೆ."

ನಾನು ನಕ್ಕುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಯಜಮಾನರೂ ನಗಲು ನೋಡಿದರು. ಅಕ್ಕ ನಗಲಿಲ್ಲ.

"ಯಾಕೆ ನಗ್ತೀಯ? ಇವ್ರು ಫ್ಯಾಕ್ಟ್ರಿಗೆ ಸೇರೋಕ್ಮುಂಚೆನೇ ನಾನು ಒಲೆ ಮುಂದೆ ನಿಂತಿದ್ದೆ. ಸೀನಿಯಾರಿಟಿ ನಂದೇ. ಇವರಿಗಾದ್ರೆ ಭಾನುವಾರ ರಜ ಇತ್ತು. ಇನ್ಮೇಲೆ ನಾನು ಅಡುಗೆ ಮಾಡಲ್ಲ."

ಅಷ್ಟು ಹೇಳಿ ಆ ಕಡೆ ಮಗ್ಗುಲಾದರು. ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಯಾರಾದರೂ ಸತ್ತಿದ್ದರೆ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಇದಕ್ಕೇನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಸುದ್ದಿ ಬೀದಿಗೆ ಹಬ್ಬಲು ಹೊತ್ತು ಬೇಕಾಗಲಿಲ್ಲ. ನಮ್ಮತ್ತೆ ಎರಡೂ ಕೈಯನ್ನು ಕೆನ್ನೆಗೆ ಇಟ್ಟುಕೊಂಡವರು ಎಷ್ಟೋ ಹೊತ್ತು ತೆಗೆಯಲೇ ಇಲ್ಲ. "ಅಡುಗೆ ಮಾಡಲ್ಲ ಅಂದ್ಲಾ? ಬಾಯ್ಬಿಟ್ಟು ಅಂದ್ಲಾ?" ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದರು. ಮೈಮೇಲೆ ಏನೋ ಬಂದಿರಬೇಕು, ನಿಂಬೆಹಣ್ಣು ನಿವಾಳಿಸಿ ಹಾಕಿ ಎಂದು ಒಬ್ಬರು ಸಲಹೆ ಕೊಟ್ಟರು. ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ಇನ್ನೊಬ್ಬರು. ಮೊದಲ ಎರಡು ದಿನ ನಾಲ್ಕೂ ಕಡೆಯಿಂದ ಡಬ್ಬಿಗಳು ಹೋದವು. ಅಕ್ಕ ಸಂತೋಷವಾಗಿ ತಿಂದು ಪಾತ್ರೆ ತೊಳೆದು ಕಳಿಸಿದರು. ಮನೆ ಗುಡಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಅಡುಗೆಮನೆಗೆ ಮಾತ್ರ ಕಾಲಿಡಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ಹೋಗಿ ಬರುವವರು ನಿಂತು ನೋಡುತ್ತಿದ್ದರು.

ಮೂರನೆಯ ದಿನ ಯಜಮಾನರ ಸಹನೆಯ ಕಟ್ಟೆ ಒಡೆಯಿತು. ಅವರ ಗಂಟಲಿಗೆ ಅಷ್ಟು ಜೋರಿದೆಯೆಂದು ನಮಗೆ ಗೊತ್ತೇ ಇರಲಿಲ್ಲ.

"ಜನ ಏನಂತಾರೆ ಅಂತ ಯೋಚ್ನೆ ಮಾಡಿದೀಯಾ?"

"ಜನಕ್ಕೇನ್ರೀ, ಅವರವರ ಮನೇಲಿ ಒಲೆ ಉರೀತಿದೆಯಲ್ಲ. ಹೊಟ್ಟೆ ತುಂಬಿದೋರು ಏನೋ ಒಂದು ಅಂತಾರೆ."

ಬಾಗಿಲು ಧಡಾರೆಂದಿತು. ಯಜಮಾನರು ಚಪ್ಪಲಿ ಮೆಟ್ಟಿ ಮುಖ್ಯರಸ್ತೆಯ ದರ್ಶಿನಿಗೆ ಹೊರಟರು. ಅಕ್ಕನಿಗೆಂದು ಒಂದು ಪೊಟ್ಟಣವನ್ನೂ ತರಲಿಲ್ಲ. ಆ ದಿನ ಅಕ್ಕ ಬಾಳೆಹಣ್ಣು ತಿಂದು ಮಲಗಿದರೆಂದು ನನಗೆ ಆಮೇಲೆ ಗೊತ್ತಾಯಿತು. ಒಂದೇ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ತಮಾಷೆಯಂತೆ ಶುರುವಾದದ್ದು ಒಂದು ಸಂಸಾರವನ್ನೇ ಮುಗಿಸಿಬಿಡುತ್ತದೇನೋ ಅನ್ನಿಸಿತು. ಆ ವಯಸ್ಸಿನಲ್ಲಿ, ಮಗಳ ಮದುವೆಯಾಗಿ, ಎಲ್ಲ ಮುಗಿದ ಮೇಲೆ...

ಒಬ್ಬಳೇ ಮಗಳು, ಸಿಂಗಸಂದ್ರದಲ್ಲಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಅವಳು ರಜ ಹಾಕಿ, ಬಸ್ಸು ಬದಲಾಯಿಸಿಕೊಂಡು ಬಂದು, ಅಮ್ಮನ ಮುಂದೆ ಕೂತು ಅತ್ತಳು. ಅಳು ಮುಗಿಯುವವರೆಗೂ ಅಕ್ಕ ಕಾದರು. ಆಮೇಲೆ ಕೇಳಿದರು: "ನಿಮ್ಮಪ್ಪನ್ನ ಯಾರಾದ್ರೂ ಕೇಳಿದ್ರೇನೆ, ಯಾಕ್ ರಿಟೈರ್ ಆದೆ ಅಂತ? ಹಾರ ಹಾಕಿದ್ರು. ನಂಗೆ ಹಾರ ಬೇಡ. ಬಿಟ್ಬಿಡಿ ಸಾಕು."

ಮಗಳು ಅಪ್ಪನನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಬ್ಯಾಗು ಹಿಡಿದು ಗೇಟು ದಾಟಿದ ಯಜಮಾನರು ತಿರುಗಿ ನೋಡಲಿಲ್ಲ. ಅಕ್ಕ ಗೇಟಿನ ಚಿಲಕ ಹಾಕಿ, ಒಂದು ಕ್ಷಣ ಅದನ್ನು ಹಿಡಿದುಕೊಂಡೇ ನಿಂತರು. ನಾನು ನಮ್ಮನೆಯ ಕಿಟಕಿಯಲ್ಲಿದ್ದೆ. ಹೋಗಿ ಮಾತಾಡಿಸಬೇಕೆನ್ನಿಸಿತು. ಏನೆಂದು ಮಾತಾಡಿಸುವುದು?

ಅಕ್ಕ ಬ್ರೆಡ್ಡು, ಹಣ್ಣು, ಹೊರಗಿನ ತಿಂಡಿಯಲ್ಲೇ ದಿನ ದೂಡಿದರು. ವಾರ ಕಳೆಯುವುದರೊಳಗೆ ಯಜಮಾನರು ಒಬ್ಬರೇ ವಾಪಸು ಬಂದರು. ಬಂದ ದಿನ ಮಧ್ಯಾಹ್ನ ನಮ್ಮ ಕಾಂಪೌಂಡಿನ ಹತ್ತಿರ ಬಂದು ನಿಂತು, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ, "ಅಮ್ಮಾ, ಅನ್ನಕ್ಕೆ ನೀರು ಎಷ್ಟಿಡ್ಬೇಕು?" ಎಂದು ಕೇಳಿದರು.

ಒಣಗಿದ ಬಟ್ಟೆ ತೆಗೆಯುತ್ತಿದ್ದ ನನ್ನ ಕೈಯಿಂದ ಬಟ್ಟೆ ಜಾರಿ ಕೆಳಗೆ ಬಿತ್ತು. ಇಡೀ ಕಾರ್ಖಾನೆ 'ಸಾರ್' ಎನ್ನುತ್ತಿದ್ದ ಮನುಷ್ಯ! ಏನು ಹೇಳಬೇಕೋ ತಿಳಿಯದೆ, "ಮಗಳ ಮನೇಲಿ ಇರಲಿಲ್ವಾ ಅಂಕಲ್, ಇನ್ನೊಂದಷ್ಟು ದಿನ?" ಎಂದೆ.

ಅವರು ಕಾಂಪೌಂಡಿನ ಮೇಲಿದ್ದ ಕಲ್ಲಿನ ಚೂರನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸುತ್ತಾ ನಿಂತರು. "ಅವಳು ನಿಂತ್ಕೊಂಡೇ ತಿಂತಾಳೆ ಕಣಮ್ಮ" ಎಂದರು. "ಬೆಳಗ್ಗೆ ಎದ್ರೆ ಡಬ್ಬಿ ಕಟ್ಟಿ, ನಂಗೆ ಬಡಿಸಿ, ಒಲೆ ಪಕ್ಕ ನಿಂತ್ಕೊಂಡು ಎರಡ್ ತುತ್ತು ಬಾಯಿಗೆ ಹಾಕ್ಕೊಂಡು ಬಸ್ಸಿಗೆ ಓಡ್ತಾಳೆ. ದಿನಾ ನೋಡಿದೆ. ಕೂತ್ಕೊಳ್ಳೋದೇ ಇಲ್ಲ." ಮತ್ತೆ, "ನೀರು ಎಷ್ಟು ಅಂದ್ರಿ?" ಎಂದರು.

ಅಲ್ಲಿಂದ ಶುರುವಾಯಿತು ಹಾಲು ಸೀಯುವ ಕಾಲ. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಒಗ್ಗರಣೆ ಕರಕಲಾಗಿ ನಾವೆಲ್ಲ ಕೆಮ್ಮುತ್ತಿದ್ದೆವು. ಉಪ್ಪು ಎಷ್ಟು ಎಂದು ಕೇಳಿದರು. ರುಚಿಗೆ ತಕ್ಕಷ್ಟು ಎಂದೆ. "ರುಚಿ ಯಾರದ್ದಮ್ಮ? ಒಂದು ಅಳತೆ ಹೇಳಿ" ಎಂದು ಗಂಭೀರವಾಗಿ ನಿಂತರು. ಆಲೂಗಡ್ಡೆ ಹೆಚ್ಚುವಾಗ ಜೇಬಿನ ಸ್ಕೇಲು ಹೊರಗೆ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಕ್ಕ ಅಂಗಳದಲ್ಲಿ ಕೂತು ಪೇಪರು ಓದುತ್ತಲೇ ಇದ್ದರು. ಒಂದು ದಿನವೂ ಒಳಗೆ ಇಣುಕಲಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎನ್ನಲಿಲ್ಲ. ಸೀದದ್ದೋ ಹಸಿಬಿಸಿಯೋ, ತಟ್ಟೆಗೆ ಬಂದದ್ದನ್ನು ಮಾತಾಡದೆ ತಿಂದು ಏಳುತ್ತಿದ್ದರು. ಇಷ್ಟು ಕೆಟ್ಟ ಅಡುಗೆಯನ್ನು, ಅಷ್ಟು ಚೆನ್ನಾಗಿ ಅಡುಗೆ ಮಾಡುತ್ತಿದ್ದ ಹೆಂಗಸು ಹೇಗೆ ನುಂಗುತ್ತಿದ್ದರೋ!

ಅವರು ರಸ್ತೆಗಿಳಿದದ್ದೂ ಆಗಲೇ. ಬೆಳಗಿನ ತಿಂಡಿ ಮುಗಿಸಿ, ಸೀರೆ ಬದಲಾಯಿಸಿ, ಹೆಗಲಿಗೊಂದು ಚೀಲ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದುಬಿಡುತ್ತಿದ್ದರು. ದಿನದ ಪಾಸು ತೆಗೆದುಕೊಂಡರೆ ಯಾವ ಬಸ್ಸಿಗಾದರೂ ಹತ್ತಬಹುದಲ್ಲ. ಬಂದ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿ, ಅಲ್ಲಿ ಇಳಿದು ಸುತ್ತಾಡಿ, ಸಂಜೆಗೆ ವಾಪಸು. ಎಲ್ಲಿಗೆ ಎಂದು ಕೇಳಿದರೆ, "ಬೋರ್ಡ್ ನೋಡಿ ಹತ್ತೋದು ಅಷ್ಟೇ" ಎನ್ನುತ್ತಿದ್ದರು. ನಮ್ಮತ್ತೆಗೆ ಇದು ಅಡುಗೆ ಬಿಟ್ಟದ್ದಕ್ಕಿಂತ ದೊಡ್ಡ ಆಘಾತ. ಕೆಲಸವಿಲ್ಲದೆ ಹೆಂಗಸು ಬಸ್ಸು ಹತ್ತುವುದೆಂದರೆ!

ಒಂದು ಸಲ ನನ್ನನ್ನೂ ಹೊರಡಿಸಿದರು. ಅತ್ತೆಗೆ ದೇವಸ್ಥಾನ ಎಂದು ಹೇಳಿ ಹೊರಟವಳು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ವೈಟ್‌ಫೀಲ್ಡಿನಲ್ಲಿ ಇಳಿದೆ. ಗಾಜಿನ ಕಟ್ಟಡಗಳು ಆಗ ಎದ್ದು ನಿಲ್ಲುತ್ತಿದ್ದ ಕಾಲ. ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಗುಂಪುಗುಂಪಾಗಿ ಬೀದಿಗೆ ಬಂದು ಟೀ ಕುಡಿಯುತ್ತಿದ್ದರು. ನಾವಿಬ್ಬರೂ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಚುರುಮುರಿ ತಿಂದೆವು. ಅಕ್ಕ ಕಾಲು ಅಲ್ಲಾಡಿಸುತ್ತಾ, ಬರುವವರನ್ನೂ ಹೋಗುವವರನ್ನೂ ನೋಡುತ್ತಾ ಕೂತಿದ್ದರು. ಆ ಮುಖ ನನಗೆ ಹೊಸದು. ಧೈರ್ಯ ಮಾಡಿ ಕೇಳಿದೆ.

"ಅಕ್ಕ, ನಿಜ ಹೇಳಿ. ಬೇಜಾರಾಗಲ್ವಾ? ಅಷ್ಟು ಚೆನ್ನಾಗಿ ಅಡುಗೆ ಮಾಡ್ತಿದ್ರಿ."

"ನಂಗೆ ಅಡುಗೆ ಅಂದ್ರೆ ಇಷ್ಟಾನೇ ಇರ್ಲಿಲ್ಲ ಕಣೆ."

ನಾನು ಚುರುಮುರಿಯ ಪೊಟ್ಟಣವನ್ನು ಮಡಿಲಲ್ಲಿಟ್ಟೆ. "ಈಗಾ?"

"ಯಾವತ್ತೂ."

"ಮತ್ತೆ ಹಂಗೆ ಮಾಡ್ತಿದ್ರಲ್ಲ!"

"ಚೆನ್ನಾಗಿ ಮಾಡಿದ್ರೆ ಇಷ್ಟ ಅಂತಾನಾ? ನಿಮ್ಮೆಜಮಾನ್ರು ಮಷೀನ್ ಚೆನ್ನಾಗಿ ಓಡಿಸ್ತಾರೆ. ಭಾನುವಾರ ಮನೇಲಿ ಕೂತ್ಕೊಂಡು ಓಡಿಸ್ತಾರಾ?" ಎಂದು ಬೆರಳಿಗಂಟಿದ ಮಸಾಲೆ ನೆಕ್ಕಿ ಜೋರಾಗಿ ನಕ್ಕರು. ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ.

ನಾನು ನಗಲಾರದೆ ಹೋದೆ. ಆ ಮನೆಯ ಸಾರಿನ ಪುಡಿಯ ಘಮ, ಬಾಣಂತಿಯರ ಮೆಣಸಿನ ಸಾರು, ಹಬ್ಬಕ್ಕೆ ಬೀದಿಗೆಲ್ಲ ಹಂಚುತ್ತಿದ್ದ ಹೋಳಿಗೆ... ಅದೆಲ್ಲ ಇಷ್ಟವಿಲ್ಲದ ಕೈಯಿಂದ ಬಂದದ್ದು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಕ್ಕ ನಿದ್ದೆ ಹೋದರು. ನಾನು ಅವರ ಕೈಗಳನ್ನೇ ನೋಡುತ್ತಾ ಬಂದೆ. ಮಣಿಕಟ್ಟಿನ ತುಂಬ ಎಣ್ಣೆ ಸಿಡಿದ ಹಳೆಯ ಕಲೆಗಳು. ಅಷ್ಟು ವರ್ಷ ಕಣ್ಣಮುಂದೆ ಇದ್ದರೂ ನನಗೆ ಅವತ್ತೇ ಕಂಡದ್ದು.

ದಿನ ಕಳೆದ ಹಾಗೆ ಹಾಲು ಸೀಯುವುದು ನಿಂತಿತು. ಯಜಮಾನರ ಅಡುಗೆ ಹದಕ್ಕೆ ಬಂತು. ಒಂದು ಸಂಕ್ರಾಂತಿಗೆ ಬಿಸಿಬೇಳೆಬಾತು ಮಾಡಿ, ಒಬ್ಬರೇ ಮನೆಮನೆಗೆ ಡಬ್ಬಿ ಹಿಡಿದು ಬಂದು ಹಂಚಿದರು. ನಮ್ಮತ್ತೆ ಮೂಗು ಮುರಿಯುತ್ತಲೇ ಒಂದು ತುತ್ತು ಬಾಯಿಗಿಟ್ಟವರು ಸದ್ದಿಲ್ಲದೆ ಎರಡನೇ ಸಲ ಹಾಕಿಸಿಕೊಂಡರು. ಹೇಗಿದೆಯೆಂದು ಯಜಮಾನರು ಹೆಂಡತಿಯನ್ನೇ ಕೇಳಿದಾಗ ಅಕ್ಕ, "ಉಪ್ಪು ಕಮ್ಮಿ" ಎಂದರಂತೆ. ತಮ್ಮ ಅಡುಗೆಗೆ ಸಿಕ್ಕ ಆ ಮೊದಲ ಮಾತನ್ನು ಅವರು ನಮಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದರು.

ಆಮೇಲಿನ ಸಂಜೆಗಳು ನನಗೆ ಚೆನ್ನಾಗಿ ನೆನಪಿವೆ. ಅಕ್ಕ ಬಸ್ಸಿಳಿದು ಬಂದು ಅಂಗಳದ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಯಜಮಾನರು ಮೊರದಲ್ಲಿ ಹುರುಳಿಕಾಯಿ ಹಾಕಿಕೊಂಡು ಎದುರಿಗೆ ಕೂತು ನಾರು ತೆಗೆಯುತ್ತಾ, ಇವತ್ತು ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಎಂದು ಕೇಳುತ್ತಿದ್ದರು. ಅಕ್ಕ ಕೈ ಬೀಸಿ ಬೀಸಿ ಹೇಳುತ್ತಿದ್ದರು. ಅಷ್ಟು ಹೊತ್ತು ಇವರಿಬ್ಬರೂ ಮಾತಾಡಿಕೊಂಡದ್ದನ್ನು ಅದಕ್ಕೆ ಮುಂಚೆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ನಮ್ಮನೆಯ ಕಿಟಕಿಯಿಂದ ನೋಡುತ್ತಿದ್ದ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹೀಗೆ ಕೆಲವು ವರ್ಷ. ಒಂದು ಮಧ್ಯಾಹ್ನ ಅಕ್ಕ ಎಂದಿನಂತೆ ಸುತ್ತಾಡಿಕೊಂಡು ಬಂದರು. ಅವತ್ತು ಬೇಗ ಬಂದಿದ್ದರು, ಬಿಸಿಲು ಜಾಸ್ತಿ ಎಂದರಂತೆ. ಕಾಫಿ ಕೊಡಿ ಎಂದು ಕೇಳಿ ಕುರ್ಚಿಯಲ್ಲಿ ಕೂತರು. ಯಜಮಾನರು ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ತಲೆ ಪಕ್ಕಕ್ಕೆ ವಾಲಿತ್ತು. ಅವರ ಕೂಗು ಕೇಳಿ ನಾನು ರಸ್ತೆ ದಾಟಿದೆ. ಹಣೆ ಮುಟ್ಟಿದೆ. ಹಿಂದೊಂದು ಸಲ ಮುಟ್ಟಿದಾಗ ಮಾತಾಡಿದ್ದರು. ಈ ಸಲ ಮಾತಾಡಲಿಲ್ಲ... ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಹೃದಯ ಎಂದರು, ದಾರಿಯಲ್ಲೇ ಮುಗಿದಿತ್ತು ಎಂದರು. ಬೆಳಗ್ಗೆ ಗೇಟಿನ ಹತ್ತಿರ ನನ್ನ ಜೊತೆ ನಕ್ಕು ಹೋದವರು. ನನಗೆ ಅಳುವೂ ಬರಲಿಲ್ಲ. ಗರಬಡಿದವಳ ಹಾಗೆ ಅವರ ಚೀಲವನ್ನು ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ.

ತಿಥಿಯ ದಿನ ಮನೆಮುಂದೆ ಶಾಮಿಯಾನ ಹಾಕಿದ್ದರು. ಊಟ ಮುಗಿಸಿದವರು ಎದ್ದು ಹೋಗಲಾರದೆ ಅಲ್ಲಲ್ಲೇ ಕೂತಿದ್ದರು. ಮೆಲ್ಲಗೆ ಅಕ್ಕನ ಮಾತು ಶುರುವಾಯಿತು. ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಮಹಾತಾಯಿ ಕಣ್ರೀ ಅವಳು. ಅವಳಿಗೆ ಮೊದ್ಲೇ ಗೊತ್ತಿತ್ತು. ತಾನು ಹೋದ್ಮೇಲೆ ಗಂಡ ಊಟಕ್ಕೆ ಕಷ್ಟಪಡಬಾರ್ದು ಅಂತ ಮುಂಚೆನೇ ಎಲ್ಲಾ ಕಲಿಸಿಟ್ಟು ಹೋದ್ಲು. ನಾವು ಪಾಪಿಗಳು, ಏನೇನೋ ಅಂದ್ವಿ."

ಸುತ್ತ ಕೂತವರೆಲ್ಲ ಹೌದು ಹೌದು ಎಂದರು. ಎಷ್ಟೋ ಜನ ಕಣ್ಣೊರೆಸಿಕೊಂಡರು. ನನಗೂ ಎದೆ ತುಂಬಿ ಬಂತು. ಎಷ್ಟು ಚೆಂದದ ಮಾತು. ಎಲ್ಲವೂ ಸರಿಹೋದ ಹಾಗಾಯಿತು. ಅಡುಗೆ ಬಿಟ್ಟದ್ದೂ ಸರಿ, ಬಸ್ಸು ಹತ್ತಿದ್ದೂ ಸರಿ.

ಕಂಬಕ್ಕೊರಗಿ ಕೂತಿದ್ದ ಯಜಮಾನರು ಎದ್ದು ನಿಂತರು. ತಲೆ ಬೋಳಿಸಿದ್ದರು, ಮುಖ ಇಳಿದುಹೋಗಿತ್ತು. ಸಮಾಧಾನದ ಮಾತಿಗೆ ಕೈಮುಗಿಯುತ್ತಾರೆಂದು ನಾವೆಲ್ಲ ಅಂದುಕೊಂಡೆವು.

"ಹಂಗನ್ಬೇಡಿ" ಎಂದರು.

ಎಲ್ಲರೂ ಅವರ ಕಡೆ ತಿರುಗಿದರು.

"ಅವಳಿಗೆ ಏನೂ ಗೊತ್ತಿರ್ಲಿಲ್ಲ. ಇನ್ನೂ ಬೇಕಾದಷ್ಟು ವರ್ಷ ಇರ್ತೀನಿ ಅಂತಾನೇ ಇದ್ಲು. ಬರೋ ವಾರ ಎಲ್ಲಿಗೆ ಹೋಗ್ಬೇಕು ಅಂತ ಹೇಳಿದ್ಲು ನಂಗೆ. ಅವಳಿಗೆ ಸಾಕಾಗಿತ್ತು, ಬಿಟ್ಲು. ಅಷ್ಟೇ." ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ಜೀವಮಾನ ಪೂರ್ತಿ ನಂಗೋಸ್ಕರ ಮಾಡಿದ್ಲು. ಇದೊಂದನ್ನ ತನಗೋಸ್ಕರ ಮಾಡ್ಕೊಂಡ್ಲು. ಇದನ್ನೂ ತಗೊಂಡ್ಬಂದು ನಂಗೆ ಕೊಡ್ಬೇಡಿ."

ಅಷ್ಟು ಹೇಳಿ ಒಳಗೆ ಹೋದರು. ಬಡಿಸುವವರು ಎಲೆ ಎತ್ತುವುದನ್ನು ನಿಲ್ಲಿಸಿ ನೋಡುತ್ತಾ ನಿಂತಿದ್ದರು. ನನ್ನ ಕಣ್ಣೀರು ಕೆನ್ನೆಯ ಮೇಲೆ ಹಾಗೇ ನಿಂತಿತು. ವೈಟ್‌ಫೀಲ್ಡಿನ ಬೆಂಚಿನ ಮೇಲೆ ಅಕ್ಕನ ಬಾಯಿಂದಲೇ ಕೇಳಿದ್ದವಳು ನಾನು. ಆದರೂ ಒಂದು ಗಳಿಗೆಯಲ್ಲಿ ಮರೆತು ಎಲ್ಲರ ಜೊತೆ ತಲೆಯಾಡಿಸಿದ್ದೆ.

ಅವತ್ತು ಸಂಜೆ ನಮ್ಮತ್ತೆ ದೇವರ ದೀಪ ಹಚ್ಚಿ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವವರೆಗೂ ಬಾಣಲೆಯನ್ನೇ ನೋಡಿದರು. ಆಮೇಲೆ, "ನಂಗೆ ಈ ಒಗ್ಗರಣೆ ವಾಸನೇನೇ ಆಗ್ತಿರ್ಲಿಲ್ಲ ಕಣೆ. ತಲೆನೋವು ಬರೋದು" ಎಂದರು. ನಾನು ಸೌಟು ಹಿಡಿದುಕೊಂಡೇ ತಿರುಗಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಈಗ ಅವರೂ ಇಲ್ಲ.

ಯಜಮಾನರು ಮನೆ ಮಾರಿ ಸಿಂಗಸಂದ್ರಕ್ಕೆ ಹೋದರು. ಅಲ್ಲೂ ಅಡುಗೆ ಅವರದ್ದೇ ಎಂದು ಮಗಳು ಫೋನಿನಲ್ಲಿ ಹೇಳುತ್ತಿದ್ದಳು. ಹೋದ ವರ್ಷ ಅವರು ತೀರಿಕೊಂಡ ಸುದ್ದಿಯನ್ನೂ ಅವಳೇ ಹೇಳಿದಳು. ನಾವು ಆ ಬಡಾವಣೆ ಬಿಟ್ಟು ಈ ಅಪಾರ್ಟ್‌ಮೆಂಟಿಗೆ ಬಂದು ಸಾಕಷ್ಟು ಕಾಲವಾಗಿತ್ತು. ನನ್ನವರೂ ರಿಟೈರ್ ಆದರು. ನನ್ನ ಕೂದಲು ಬೆಳ್ಳಗಾಗಿದೆ. ಹೆಚ್ಚುಕಮ್ಮಿ ಅಕ್ಕ ಹಾಸಿಗೆ ಬಿಟ್ಟೇಳದ ಆ ಬೆಳಗಿನ ವಯಸ್ಸು ನನಗೀಗ.

ಹಾಲು ಸೀದ ಮಾರನೆಯ ದಿನ ನಾನೂ ನನ್ನವರೂ ಆ ಬೀದಿಗೆ ಹೋಗಿದ್ದೆವು. ಹೋಗಲೇಬೇಕು ಅನ್ನಿಸಿಬಿಟ್ಟಿತ್ತು. ಅಕ್ಕನ ಮನೆಯಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಬಾಡಿಗೆ ಕೋಣೆಗಳು. ಮೆಟ್ಟಿಲ ಮೇಲೆ ಕೂತು ಒಬ್ಬಾತ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ. ನಾವು ನಿಂತದ್ದು ನೋಡಿ, "ಯಾರ್ ಬೇಕಾಗಿತ್ರೀ ಅಮ್ಮಾರ?" ಎಂದ. ರಾಯಚೂರು ಕಡೆಯವನಿರಬೇಕು.

"ಹಿಂದೆ ಇಲ್ಲಿ ನಮ್ಮ ಅಕ್ಕ ಇದ್ರು ಕಣಪ್ಪ."

"ಈಗ ಎಲ್ಲಿ ಅದಾರ್ರೀ?"

"ಈಗಿಲ್ಲ" ಎಂದೆ. ಎಷ್ಟೋ ವರ್ಷದ ಹಿಂದಿನ ಮಾತು. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಬಾರದ ಅಳು ಆ ಬೀದಿಯ ಮಧ್ಯೆ, ಬಿಸಿಲಲ್ಲಿ, ನನ್ನವರ ಮುಂದೆ ಬಂತು. ಅವರು ಪಕ್ಕಕ್ಕೆ ಬಂದು ನಿಂತರು.

ವಾಪಸು ಮುಖ್ಯರಸ್ತೆಗೆ ನಡೆಯುತ್ತಿದ್ದಾಗ ನನ್ನವರು ಇದ್ದಕ್ಕಿದ್ದಂತೆ, "ನಿಂಗೆ ಅಡುಗೆ ಮಾಡೋದು ಇಷ್ಟಾನಾ?" ಎಂದು ಕೇಳಿದರು.

ನಾನು ನಡೆಯುತ್ತಿದ್ದವಳು ನಿಂತುಬಿಟ್ಟೆ. ಮದುವೆಯಾದಾಗಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದರೆ ನಂಬುತ್ತೀರಾ?

"ಇಷ್ಟ" ಎಂದೆ. ಇನ್ನೊಂದು ಅರ್ಧ ಬೀದಿ ನಡೆದ ಮೇಲೆ, "ಬೆಳಗ್ಗೇದು ಮಾತ್ರ ಇಷ್ಟ ಇಲ್ಲ" ಎಂದೆ.

ಅವರು ತಲೆಯಾಡಿಸಿದರು. ನನಗೆ ತಕ್ಷಣ ಇದನ್ನು ಅಕ್ಕನಿಗೆ ಹೇಳಬೇಕೆನ್ನಿಸಿತು. ಕೇಳಿದ್ದರೆ ಬೀದಿ ತಿರುಗಿ ನೋಡುವಷ್ಟು ಜೋರಾಗಿ ನಗುತ್ತಿದ್ದರು. ತಿರುಗಿ ನೋಡಿದೆ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಉಳಿದಿರಲಿಲ್ಲ.